ಹೆಸರು ಮುಚ್ಚಿಟ್ಟ ಬಾಟಲಿಗಳ ಮುಂದೆ

ಫೆಬ್ರುವರಿ ಬಂತೆಂದರೆ ಹುಬ್ಬಳ್ಳಿಯ ಚನ್ನಮ್ಮ ವೃತ್ತದ ಸುತ್ತಮುತ್ತ ದ್ರಾಕ್ಷಿಯ ಕೈಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ‘ಬಿಜಾಪುರ ದ್ರಾಕ್ಷಿ, ಬಿಜಾಪುರ ದ್ರಾಕ್ಷಿ’ ಎಂದು ಕೂಗುವ ಮಾರಾಟಗಾರ, ಗಿರಾಕಿ ಅನುಮಾನಿಸುತ್ತ ನಿಂತರೆ ಗೊಂಚಲಿನಿಂದ ಒಂದು ಹಣ್ಣು ಕಿತ್ತು ಕೈಗಿಡುತ್ತಾನೆ. ‘ತಿಂದ್ ನೋಡ್ರಿ, ಆಮ್ಯಾಲ ತಗೋರಿ.’ ಜಿಲ್ಲೆಯ ಹೆಸರು 2014ರಲ್ಲಿ ವಿಜಯಪುರವೆಂದು ಬದಲಾಯಿತು. ಕೈಗಾಡಿಯ ಕೂಗು ಬದಲಾಗಲಿಲ್ಲ. ಹೆಸರಿಗೆ ಅಂಥ ಬಲವಿದೆ. ಮೊದಲು ಹೆಸರು, ಆಮೇಲೆ ರುಚಿ ಎಂಬುದು ವ್ಯಾಪಾರದ ಕ್ರಮ. ಈ ಕ್ರಮವನ್ನು ತಿರುವು ಮಾಡಿದರೆ ಏನಾಗುತ್ತದೆ? ಮೊದಲು ರುಚಿ ನೋಡಿ ಆಮೇಲೆ ಹೆಸರು ತಿಳಿಯುವುದಾದರೆ, ನಾಲಿಗೆ ಅದೇ ಮಾತನ್ನು ಆಡೀತೇ?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾವು ಕೆಲವರು ಗೆಳೆಯರು ಒಂದು ಶನಿವಾರದ ಸಂಜೆ ವಿದ್ಯಾನಗರದ ಮನೆಯೊಂದರಲ್ಲಿ ಸೇರಿದ್ದೆವು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಆತಿಥೇಯರು, ಒಬ್ಬ ವಕೀಲರು, ಒಬ್ಬ ವೈದ್ಯರು, ಬ್ಯಾಂಕಿನಿಂದ ನಿವೃತ್ತರಾದ ಹಳೆಯ ಸಹಪಾಠಿ, ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ಮತ್ತು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಬೋಧಿಸಿ ನಿವೃತ್ತನಾದ ನಾನು. ಒಟ್ಟು ಆರು ಮಂದಿ. ಎದುರಿಗಿದ್ದದ್ದು ಕೆಂಪು ವೈನ್. ಆದರೆ ಯಾವ ಲೋಟದಲ್ಲಿ ಯಾವ ಊರಿನ ವೈನ್ ಇದೆಯೆಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ಒಂದು ಜಗಳ. ವಕೀಲರ ಮಗ ವಿದೇಶದಿಂದ ಬರುವಾಗ ಫ್ರಾನ್ಸಿನ ಬೋರ್ಡೋ ಪ್ರಾಂತದ ಒಂದು ಬಾಟಲಿ ತಂದಿದ್ದ. ಅದರ ಬಣ್ಣನೆ ಕೇಳಿ ಕೇಳಿ ಬೇಸತ್ತ ಗೌಡರು, ‘ನಮ್ಮ ಕಡೀ ವೈನೂ ಇದಕ್ಕೇನ್ ಕಡಿಮಿ ಇಲ್ರಿ ವಕೀಲ್ ಸಾಹೇಬ್ರ’ ಎಂದುಬಿಟ್ಟರು. ವಕೀಲರು ನಕ್ಕರು. ‘ಬಿಡ್ರಿ ಗೌಡ್ರ, ಬೋರ್ಡೋ ಎಲ್ಲಿ, ಬಿಜಾಪುರ ಎಲ್ಲಿ!’ ಆ ನಗು ಗೌಡರಿಗೆ ನಾಟಿತು. ವಾದ ಮಾತಿನಲ್ಲಿ ಮುಗಿಯುವಂತಿರಲಿಲ್ಲ. ಪರೀಕ್ಷೆಯೇ ಆಗಲಿ ಎಂದು ನಿಶ್ಚಯವಾಯಿತು.

ಮುಂದೆ ಹೋಗುವ ಮೊದಲು ಒಂದು ಮಾತು. ಕುಡಿತದಿಂದ ಹಾಳಾದ ಮನೆಗಳನ್ನು ನಮ್ಮ ಓಣಿ, ಹಳ್ಳಿಗಳಲ್ಲಿ ಕಂಡವರಿಗೆ ಈ ವಿಷಯವೇ ಅಪ್ರಿಯವೆನಿಸಬಹುದು, ಅದು ಸಹಜ. ವೈನ್ ಆರೋಗ್ಯಕರವೆಂಬ ಹಳೆಯ ನಂಬಿಕೆಗೂ ಈಗ ಆಧಾರ ಉಳಿದಿಲ್ಲ. ಮದ್ಯಸೇವನೆಯಲ್ಲಿ ಸುರಕ್ಷಿತ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ಲೇಖನ ವೈನಿನ ಪ್ರಶಂಸೆಯಲ್ಲ. ನಾವು ಯಾವುದನ್ನು ‘ನನ್ನ ಸ್ವಂತ ಅಭಿಪ್ರಾಯ’ ಎಂದು ಕರೆಯುತ್ತೇವೆಯೋ ಅದರಲ್ಲಿ ನಮ್ಮದೆಷ್ಟು, ಹೆಸರಿನದೆಷ್ಟು ಎಂಬ ವಿಚಾರ ಇದು.

ಸಿದ್ಧತೆ

ಪರೀಕ್ಷೆಯ ಹೊಣೆ ಹೊತ್ತವರು ಆತಿಥೇಯರ ಪತ್ನಿ. ರಸಾಯನಶಾಸ್ತ್ರದ ಉಪನ್ಯಾಸಕರಾಗಿದ್ದವರು; ವೈನನ್ನು ಮುಟ್ಟುವವರಲ್ಲ. ‘ಕುಡಿಯೂದು ನಿಮ್ಮ ಕೆಲಸ, ಅಳಿಯೂದು ನನ್ನ ಕೆಲಸ’ ಎಂದು ನಗುತ್ತಲೇ ಅವರು ಹಾಕಿದ ನಿಯಮಗಳು ಪ್ರಯೋಗಾಲಯದ ನಿಯಮಗಳಷ್ಟೇ ಕಟ್ಟುನಿಟ್ಟಾಗಿದ್ದವು. ಬಾಟಲಿಗೆ ಹಳೆಯ ಪತ್ರಿಕೆ ಸುತ್ತಿದರೆ ಸಾಕೆಂದು ನಾವು ತಿಳಿದಿದ್ದೆವು. ಸಾಲದು ಎಂದರು ಅವರು. ಬೋರ್ಡೋ ಬಾಟಲಿಗೆ ಎತ್ತಿದ ಭುಜವಿರುತ್ತದೆ, ಕೆಲವಕ್ಕೆ ಇಳಿಜಾರು ಭುಜ. ಒಂದಕ್ಕೆ ಕಾರ್ಕಿನ ಬಿರಡೆ, ಇನ್ನೊಂದಕ್ಕೆ ತಿರುಪಿನ ಮುಚ್ಚಳ. ಆಕಾರ ಮತ್ತು ಸದ್ದು ಎರಡೂ ಗುಟ್ಟು ಬಿಟ್ಟುಕೊಡುತ್ತವೆ. ಹಾಗಾಗಿ ಅಡುಗೆಮನೆಯಲ್ಲಿ ಅವರ ಮಗಳು ಬಾಟಲಿಗಳನ್ನು ತೆರೆದು ಒಂದೇ ತೆರನಾದ ಗಾಜಿನ ಹೂಜಿಗಳಿಗೆ ಸುರಿದಳು. ಹೂಜಿಗಳಿಗೆ ಕ, ಖ, ಗ, ಘ, ಚ, ಛ, ಜ ಎಂಬ ಅಕ್ಷರಗಳನ್ನು ಅಂಟಿಸಿ, ಯಾವ ಅಕ್ಷರ ಯಾವ ಬಾಟಲಿಯೆಂಬುದನ್ನು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿಟ್ಟಳು. ಹೊರಗೆ ತಂದು ನಮಗೆ ಬಡಿಸಿದ ತಾಯಿಗೆ ಅದು ಗೊತ್ತಿರಲಿಲ್ಲ. ಬಡಿಸುವವರ ಮುಖಭಾವವೂ ಸುಳಿವಾಗಬಾರದು. ಹೊಸ ಔಷಧಿಗಳನ್ನು ಪರೀಕ್ಷಿಸುವಾಗ ರೋಗಿಗೂ ವೈದ್ಯನಿಗೂ ಯಾವುದು ಮದ್ದು, ಯಾವುದು ಬರಿಯ ಗುಳಿಗೆ ಎಂದು ತಿಳಿಯದಂತೆ ನೋಡಿಕೊಳ್ಳುವುದು ಇದೇ ಕಾರಣಕ್ಕೆ ಎಂದು ನಮ್ಮ ವೈದ್ಯಮಿತ್ರರು ತಲೆದೂಗಿದರು.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತಿದೆ. ಅದು ಯುರೋಪಿನ ತಂಪು ಮನೆಗಳಲ್ಲಿ ಹುಟ್ಟಿದ ಮಾತು. ಅಲ್ಲಿಯ ಲೆಕ್ಕ 16–18 ಡಿಗ್ರಿ. ಬೇಸಿಗೆಗೆ ತಿರುಗುತ್ತಿರುವ ಹುಬ್ಬಳ್ಳಿಯ ಕೋಣೆಯಲ್ಲಿಟ್ಟರೆ ಮದ್ಯಸಾರದ ಘಾಟೊಂದೇ ಮೂಗಿಗೆ ಬಡಿಯುತ್ತದೆ. ಆದ್ದರಿಂದ ಬಾಟಲಿಗಳು ಅರ್ಧ ಗಂಟೆ ಫ್ರಿಜ್ಜಿನಲ್ಲಿದ್ದವು. ತಲಾ ಎರಡು ಗುಟುಕು ಮಾತ್ರ. ರುಚಿ ನೋಡಿ ಉಗುಳಲು ಮನೆಯ ಹಿರಿಯರ ಕಾಲದ ಹಿತ್ತಾಳೆಯ ಪೀಕದಾನಿ ಅಟ್ಟದಿಂದ ಕೆಳಗಿಳಿಯಿತು. ಎಲೆ–ಅಡಿಕೆಗೆ ಇದ್ದ ಪಾತ್ರೆ ಬೋರ್ಡೋಗೂ ಒದಗಿಬಂತು. ಬ್ಯಾಂಕಿನ ಗೆಳೆಯ ತಂದಿದ್ದ ಗಿರ್ಮಿಟ್ಟು ಮತ್ತು ಮಿರ್ಚಿ ಭಜಿಯನ್ನು ಪರೀಕ್ಷೆ ಮುಗಿಯುವವರೆಗೆ ಒಳಗೆ ಬಚ್ಚಿಡಲಾಯಿತು. ನಡುನಡುವೆ ಬಾಯಿ ಸ್ವಚ್ಛವಾಗಲು ನೀರು ಮತ್ತು ಉಪ್ಪು ಖಾರವಿಲ್ಲದ ಖಡಕ್ ರೊಟ್ಟಿಯ ಚೂರು.

ಪ್ರತಿಯೊಂದಕ್ಕೂ 20ಕ್ಕೆ ಅಂಕ. ಮಾತು ನಿಷಿದ್ಧ, ಒಬ್ಬರು ‘ಆಹಾ’ ಎಂದರೆ ಉಳಿದ ಐವರ ನಾಲಿಗೆಯೂ ಆ ಕಡೆ ವಾಲುತ್ತದೆ. ಚಿಲಿ, ಆಸ್ಟ್ರೇಲಿಯಾ, ಫ್ರಾನ್ಸ್, ನಾಸಿಕ, ನಂದಿಬೆಟ್ಟದ ತಪ್ಪಲು, ವಿಜಯಪುರ ಹೀಗೆ ಆರು ಬಾಟಲಿಗಳೆಂದು ನಮಗೆ ಹೇಳಲಾಗಿತ್ತು. ಲೋಟಗಳು ಮಾತ್ರ ಏಳು. ಏಳನೆಯದೇನು ಎಂದು ಕೇಳಿದರೆ ‘ಆಮ್ಯಾಲ ಹೇಳ್ತೀನ್ರಿ’ ಎಂಬಷ್ಟೇ ಉತ್ತರ.

ಮಾತು ಸಿಗದ ರುಚಿ

ಬರೆಯಲು ಕುಳಿತಾಗ ಎದುರಾದ ಮೊದಲ ತೊಡಕು ಭಾಷೆಯದು. ವೈನಿನ ಪುಸ್ತಕಗಳು ಬ್ಲ್ಯಾಕ್ ಕರಂಟ್, ದೇವದಾರು, ಚೆರ್ರಿ ಎಂದು ಪಟ್ಟಿ ಕೊಡುತ್ತವೆ. ನಮ್ಮಲ್ಲಿ ಬ್ಲ್ಯಾಕ್ ಕರಂಟ್ ಹಣ್ಣನ್ನು ಕಂಡವರೇ ಇಲ್ಲ. ಐಸ್‌ಕ್ರೀಮಿನಲ್ಲಿ ತಿಂದ ನೆನಪು ಮಾತ್ರ. ಎರವಲು ಮಾತು ಬಿಟ್ಟು ಸ್ವಂತ ನೆನಪಿಗೆ ಕೈ ಹಾಕಿದ ಮೇಲೆ ಬರವಣಿಗೆ ಸುಗಮವಾಯಿತು. ಗೌಡರು ನೇರಳೆ ಹಣ್ಣು ಎಂದು ಬರೆದರು. ವೈದ್ಯರು ಕವಳಿ ಹಣ್ಣು, ಹಳೆಯ ಬೆಲ್ಲ ಎಂದರು. ನಾನು ಕಾಚಿನ ನೆನಪು, ಮೊದಲ ಮಳೆಯ ಮಣ್ಣು ಎಂದು ಬರೆದೆ.

ಹಾಗೆ ನೋಡಿದರೆ ಕೆಂಪು ವೈನನ್ನು ಬಣ್ಣಿಸಲು ಕನ್ನಡ ಬಡವಾದ ಭಾಷೆಯೇನಲ್ಲ. ಕೆಂಪು ವೈನ್ ಮತ್ತು ಬಿಳಿ ವೈನಿನ ಮುಖ್ಯ ವ್ಯತ್ಯಾಸ ಸಿಪ್ಪೆಯದು. ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜಗಳೊಡನೆ ಹುದುಗಿಸಿದಾಗ ಬಣ್ಣದ ಜೊತೆಗೆ ಟ್ಯಾನಿನ್ ಎಂಬ ದ್ರವ್ಯ ರಸಕ್ಕಿಳಿಯುತ್ತದೆ. ಅದು ನಾಲಿಗೆಯನ್ನು ಹಿಡಿದಂತೆ, ಬಾಯಿಯನ್ನು ಒಣಗಿಸಿದಂತೆ ಮಾಡುತ್ತದೆ. ಎಳೆ ಬಾಳೆಕಾಯಿ, ಹಸಿ ಅಡಿಕೆ, ನೆಲ್ಲಿಕಾಯಿ ಕಚ್ಚಿದವರಿಗೆಲ್ಲ ಗೊತ್ತಿರುವ ಈ ಅನುಭವಕ್ಕೆ ನಮ್ಮಲ್ಲಿ ‘ಒಗರು’ ಎಂಬ ಪುಟ್ಟ ಪದವಿದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿಗಳ ಸಾಲಿನಲ್ಲಿ ಒಗರನ್ನೂ ಒಂದು ರಸವೆಂದು ಎಣಿಸಿದ ಪರಂಪರೆ ನಮ್ಮದು. ಒಳ್ಳೆಯ ಕೆಂಪು ವೈನ್ ಎಂದರೆ ಹುಳಿ, ಒಗರು, ಹಣ್ಣಿನ ಸವಿ ಇವು ಮೂರೂ ಒಂದನ್ನೊಂದು ತುಳಿಯದೆ ನಿಲ್ಲುವುದು. ಉಳಿದ ಬಹುಪಾಲು ಕೆಲಸ ಮೂಗಿನದು. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದೇಕೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಪ್ಯಾರಿಸ್ಸಿನ ಆ ಮಧ್ಯಾಹ್ನ

ನಾವು ಮಾಡಿದ್ದು ಹೊಸ ಕೆಲಸವಲ್ಲ. ಹೆಸರು ಮುಚ್ಚಿ ನಡೆಸಿದ ರುಚಿಪರೀಕ್ಷೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ನಡೆಯಿತು. ಅದರ ಮಹತ್ವ ತಿಳಿಯಲು ಇನ್ನೂ ಹಿಂದಕ್ಕೆ ಹೋಗಬೇಕು. ಮೂರನೆಯ ನೆಪೋಲಿಯನ್ನನ ಕಾಲದಲ್ಲಿ, 1855ರ ಪ್ಯಾರಿಸ್ ಪ್ರದರ್ಶನಕ್ಕೆಂದು ಬೋರ್ಡೋದ ದಲ್ಲಾಳಿಗಳು ಅಲ್ಲಿಯ ಕೆಂಪು ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ದರ್ಜೆಗೆ ಆಧಾರ ಮುಖ್ಯವಾಗಿ ಅವು ಮಾರುಕಟ್ಟೆಯಲ್ಲಿ ಪಡೆಯುತ್ತಿದ್ದ ಬೆಲೆ. ಆ ಪಟ್ಟಿ ಇಂದಿಗೂ ಬಹುತೇಕ ಹಾಗೆಯೇ ಇದೆ. ದೊಡ್ಡ ಬದಲಾವಣೆಯೆಂದರೆ 1973ರಲ್ಲಿ ಮೂತೋಂ ರೋತ್‌ಶಿಲ್ಡ್ ಎಂಬ ವೈನ್ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು. ಒಮ್ಮೆ ಬೆಲೆಯಿಂದ ಹೆಸರು ಬಂತು. ಆಮೇಲೆ ಹೆಸರಿನಿಂದ ಬೆಲೆ ಬರುತ್ತಾ ಹೋಯಿತು.

ಪ್ಯಾರಿಸ್ಸಿನಲ್ಲಿ ವೈನ್ ಅಂಗಡಿ ನಡೆಸುತ್ತಿದ್ದ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷಿನವನು ಕ್ಯಾಲಿಫೋರ್ನಿಯಾದ ಆರು ಕೆಂಪು ವೈನ್‌ಗಳನ್ನು ಬೋರ್ಡೋದ ನಾಲ್ಕು ಹೆಸರಾಂತ ವೈನ್‌ಗಳ ಜೊತೆಗಿಟ್ಟು, ಹೆಸರು ಮರೆಮಾಡಿ, ಒಂಬತ್ತು ಮಂದಿ ಫ್ರೆಂಚ್ ಪರಿಣತರ ಮುಂದೆ ಇರಿಸಿದ. ಬಿಳಿ ವೈನ್‌ಗಳಿಗೂ ಹೀಗೆಯೇ ಸ್ಪರ್ಧೆ ನಡೆಯಿತು. ಫಲಿತಾಂಶ ಪೂರ್ವನಿಶ್ಚಿತವೆಂದು ಭಾವಿಸಿ ಪತ್ರಕರ್ತರು ಅತ್ತ ಸುಳಿಯಲಿಲ್ಲ. ಹೋದವನು ‘ಟೈಮ್’ ಪತ್ರಿಕೆಯ ಜಾರ್ಜ್ ಟೇಬರ್ ಒಬ್ಬನೇ. ಯಾವ ಲೋಟದಲ್ಲಿ ಏನಿದೆಯೆಂಬ ಪಟ್ಟಿ ಅವನ ಕೈಯಲ್ಲಿತ್ತು. ತೀರ್ಪುಗಾರರೊಬ್ಬರು ಕ್ಯಾಲಿಫೋರ್ನಿಯಾದ ಬಿಳಿ ವೈನ್ ಕುಡಿದು, ಮರಳಿ ಫ್ರಾನ್ಸಿಗೆ ಬಂದಂತಾಯಿತೆಂದು ಉದ್ಗರಿಸಿದ್ದನ್ನು ಅವನು ಬರೆದುಕೊಂಡ. ಕೊನೆಗೆ ಎರಡೂ ಬಣ್ಣಗಳಲ್ಲಿ ಗೆದ್ದದ್ದು ಅಮೆರಿಕದ ವೈನ್‌ಗಳೇ. ಕೆಂಪಿನಲ್ಲಿ 1973ರ ಸ್ಟ್ಯಾಗ್ಸ್ ಲೀಪ್ ಮೊದಲನೆಯದು. 1970ರ ಮೂತೋಂ ಎರಡನೆಯದು. ತೀರ್ಪುಗಾರ್ತಿಯೊಬ್ಬರು ತಮ್ಮ ಅಂಕಪಟ್ಟಿ ಹಿಂದಿರುಗಿಸುವಂತೆ ಕೇಳಿದರು; ಸ್ಪರಿಯರ್ ಕೊಡಲಿಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಹೊಸಬರು ಹಳಬರನ್ನು ಸೋಲಿಸಿದ ಕಥೆಯಾಗಿ ಹೇಳಲಾಗುತ್ತದೆ. ನಮ್ಮ ಗೌಡರ ಮನಸ್ಸಿನಲ್ಲಿದ್ದದ್ದೂ ಅದೇ. ಆದರೆ ಕೆಂಪು ವೈನ್‌ಗಳಲ್ಲಿ ಮೊದಲ ಎರಡರ ಅಂತರ ಕೂದಲೆಳೆಯಷ್ಟಿತ್ತು ಎಂಬುದನ್ನೂ, ಒಂದೇ ವೈನಿಗೆ ಬೇರೆಬೇರೆ ಪರಿಣತರು ಬಹು ಭಿನ್ನವಾದ ಅಂಕ ಕೊಟ್ಟಿದ್ದರೆಂಬುದನ್ನೂ ನೆನೆಯುವವರು ಕಡಿಮೆ. ಗೆದ್ದವರಾರು ಎಂಬುದಕ್ಕಿಂತ ಅಳತೆಗೋಲು ಎಷ್ಟು ನೇರವಾಗಿತ್ತು ಎಂಬುದು ದೊಡ್ಡ ಪ್ರಶ್ನೆ. ನಮಗೆ ಅದರ ಅರಿವಾದದ್ದು ಲಕೋಟೆ ಒಡೆದ ಮೇಲೆ.

ಲಕೋಟೆ ಒಡೆದಾಗ

ಆರು ಜನ, ಒಟ್ಟು 120 ಅಂಕ. ಮೊದಲ ಸ್ಥಾನ ಛ ಲೋಟಕ್ಕೆ, 87. ಅದು ಆಸ್ಟ್ರೇಲಿಯಾದ್ದು. ‘ಇದು ನಮ್ಮ ಬೋರ್ಡೋ’ ಎಂದು ವಕೀಲರು ಬರೆದು, ಕೆಳಗೆ ಗೆರೆ ಎಳೆದದ್ದು ಇದೇ ಲೋಟಕ್ಕೆ. ನಿಜವಾದ ಬೋರ್ಡೋ, ಗ ಲೋಟ, 79 ಅಂಕ ಪಡೆದು ನಾಲ್ಕನೆಯ ಸ್ಥಾನದಲ್ಲಿತ್ತು. ಅದಕ್ಕೆ ಅವರು ಕೊಟ್ಟದ್ದು 11. ಎರಡನೆಯ ಸ್ಥಾನ 86 ಅಂಕದೊಡನೆ ಖ ಲೋಟಕ್ಕೆ. ಅಕ್ಕಾರು ಚೀಟಿ ನೋಡಿ ‘ವಿಜಯಪುರ’ ಎಂದರು. ಗೌಡರು ಚಪ್ಪಾಳೆ ತಟ್ಟಿ ಎದ್ದೇ ನಿಂತರು. ವಕೀಲರು ಪೀಕದಾನಿಯ ಕಡೆ ನೋಡಿದರು. ಚಿಲಿಗೆ 82, ನಂದಿ ತಪ್ಪಲಿಗೆ 78, ನಾಸಿಕಕ್ಕೆ 76.

ಇನ್ನು ಉಳಿದದ್ದು ಏಳನೆಯ ಲೋಟ, ಜ. ಎಲ್ಲರೂ ಸೇರಿ ಅದನ್ನು ಕೊನೆಗೆ ತಳ್ಳಿದ್ದೆವು, 68 ಅಂಕ. ‘ಇದೂ ವಿಜಯಪುರದ್ದs. ಖ ಮತ್ತು ಜ ಒಂದs ಬಾಟ್ಲಿ’ ಎಂದರು ಅಕ್ಕಾರು.

ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಒಂದೇ ಬಾಟಲಿಯ ವೈನು, ಒಂದೇ ಸಂಜೆ, ಒಂದೇ ಮೇಜಿನ ಮೇಲೆ ಎರಡನೆಯದೂ ಆಗಿತ್ತು, ಕೊನೆಯದೂ ಆಗಿತ್ತು. ಗೌಡರು ತಮ್ಮ ಜಿಲ್ಲೆಯ ವೈನಿಗೆ ಮೊದಲು 16 ಕೊಟ್ಟು, ಮುಕ್ಕಾಲು ಗಂಟೆಯ ನಂತರ 10 ಕೊಟ್ಟಿದ್ದರು. ಬದಿಗೆ ‘ಇದು ನಮ್ಮ ಕಡೀದಲ್ಲ’ ಎಂದು ಷರಾ. ನಾನು 15 ಮತ್ತು 10. ವಕೀಲರು 14 ಮತ್ತು 11. ವೈದ್ಯರೊಬ್ಬರೇ 14, 13 ಎಂದು ಹತ್ತಿರ ನಿಂತವರು. ಖ ಲೋಟದ ಪಕ್ಕ ನಾನು ಬರೆದದ್ದು ‘ಹದವಾದ ಒಗರು, ನೇರಳೆ’; ಜ ಲೋಟದ ಪಕ್ಕ ‘ತೆಳು, ಹುಳಿ ಹೆಚ್ಚು’. ಎರಡೂ ನನ್ನದೇ ಅಕ್ಷರ.

ಕಾರಣವನ್ನು ಅಕ್ಕಾರೇ ಬಿಡಿಸಿ ಹೇಳಿದರು. ಜ ಬಂದದ್ದು ಆಸ್ಟ್ರೇಲಿಯಾದ ಗಾಢವಾದ, ಸಿಹಿಯತ್ತ ವಾಲುವ ವೈನಿನ ಬೆನ್ನಿಗೆ. ಜಿಲೇಬಿ ತಿಂದು ಚಹಾ ಕುಡಿದರೆ ಚಹಾ ಚೊಗರಾಗುವ ಹಾಗೆ, ಮುಂದಿನದು ತೆಳುವೆನಿಸಿತು. ಆ ಹೊತ್ತಿಗೆ ಟ್ಯಾನಿನ್ನಿನಿಂದ ನಾಲಿಗೆಯೂ ದಣಿದಿತ್ತು. ವೈನು ಬದಲಾಗಿರಲಿಲ್ಲ, ಅದರ ಸರದಿ ಬದಲಾಗಿತ್ತು.

ಗೌಡರು ಸುಲಭವಾಗಿ ಬಿಡಲಿಲ್ಲ. ಇನ್ನೊಂದು ಪರೀಕ್ಷೆಯಾಗಲಿ ಎಂದರು. ಮೂರು ಲೋಟ; ಎರಡರಲ್ಲಿ ವಿಜಯಪುರ, ಒಂದರಲ್ಲಿ ಬೋರ್ಡೋ; ಬೇರೆಯದು ಯಾವುದೆಂದು ಗುರುತಿಸಬೇಕು. ಇಂಥ ಪರೀಕ್ಷೆಯ ಲೆಕ್ಕಾಚಾರಕ್ಕೆ ಒಂದು ಚಂದದ ಹಿನ್ನೆಲೆಯಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಬಟ್ಟಲಿಗೆ ಹಾಲು ಮೊದಲು ಹಾಕಿದ್ದೋ ಚಹಾ ಮೊದಲು ಹಾಕಿದ್ದೋ ಎಂಬುದನ್ನು ತಾನು ಕುಡಿದೇ ಹೇಳಬಲ್ಲೆ ಎಂದರಂತೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಎಂಟು ಬಟ್ಟಲುಗಳನ್ನು ಸಿದ್ಧಪಡಿಸಿದ. ನಾಲ್ಕು ಹೀಗೆ, ನಾಲ್ಕು ಹಾಗೆ. ಎಂಟರಲ್ಲಿ ನಾಲ್ಕನ್ನು ಆರಿಸಲು 70 ಬಗೆಗಳಿವೆ. ಬರಿಯ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಾಧ್ಯತೆ ಎಪ್ಪತ್ತರಲ್ಲಿ ಒಂದು. ಯಾರೊಬ್ಬರ ಮಾತನ್ನು ನಂಬುವ ಮುನ್ನ, ಏನೂ ಗೊತ್ತಿಲ್ಲದವನು ಎಷ್ಟು ಸರಿ ಹೇಳಿಯಾನು ಎಂದು ಕೇಳಿಕೊಳ್ಳಬೇಕೆಂಬುದು 1935ರಲ್ಲಿ ಫಿಷರ್ ಪ್ರಕಟಿಸಿದ ಪ್ರಯೋಗವಿನ್ಯಾಸದ ಗ್ರಂಥದ ಒಂದು ಮುಖ್ಯ ಪಾಠ.

ನಮ್ಮಲ್ಲಿ ಆರರಲ್ಲಿ ಮೂವರು ಸರಿಯಾದ ಲೋಟ ತೋರಿಸಿದರು. ಅರ್ಧದಷ್ಟು ಸರಿ ಎಂದು ವಕೀಲರು ಹಿಗ್ಗುವಷ್ಟರಲ್ಲಿ ಅಕ್ಕಾರು ತಡೆದರು. ಮೂರರಲ್ಲೊಂದನ್ನು ಕಣ್ಣುಮುಚ್ಚಿ ಮುಟ್ಟಿದ್ದರೂ ಆರರಲ್ಲಿ ಇಬ್ಬರು ಸರಿಯಾಗುತ್ತಿದ್ದರು. ನಮ್ಮ ನಾಲ್ಕು ದಶಕಗಳ ನಾಲಿಗೆಯ ಅನುಭವ ಗಳಿಸಿಕೊಟ್ಟದ್ದು ಒಂದೇ ಒಂದು ಹೆಚ್ಚಿನ ಉತ್ತರ. ಅದೂ ಆಕಸ್ಮಿಕವಾಗಿರಬಹುದು.

ಪರಿಣತರ ಕಥೆಯೂ ಇದೇ

ಅರಿಯದವರು ಎಡವಿದರೆ ಅಚ್ಚರಿಯೇನು ಎನ್ನಬಹುದು. ಅರಿತವರ ಕಥೆಯೂ ಬಹಳ ಬೇರೆಯಾಗಿಲ್ಲ. ಬೋರ್ಡೋದಲ್ಲಿಯೇ ವೈನ್‌ಶಾಸ್ತ್ರದ 54 ವಿದ್ಯಾರ್ಥಿಗಳಿಗೆ, ವಾಸನೆಯಿಲ್ಲದ ಬಣ್ಣ ಬೆರೆಸಿ ಕೆಂಪಾಗಿಸಿದ ಬಿಳಿ ವೈನನ್ನು ಕೊಟ್ಟಾಗ, ಅವರು ಅದನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಲ್ಲೇ ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಮೂಗು ಗ್ರಹಿಸುವ ಮೊದಲೇ ಕಣ್ಣು ತೀರ್ಪು ಬರೆದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಸಣ್ಣದೊಂದು ವೈನ್ ತಯಾರಿಕಾ ಘಟಕ ನಡೆಸುತ್ತಿದ್ದ ನಿವೃತ್ತ ಪ್ರಾಧ್ಯಾಪಕ ರಾಬರ್ಟ್ ಹಾಡ್ಸನ್, ತನ್ನ ವೈನ್ ಒಂದು ಸ್ಪರ್ಧೆಯಲ್ಲಿ ಚಿನ್ನ ಗೆದ್ದು ಇನ್ನೊಂದರಲ್ಲಿ ಏನೂ ಇಲ್ಲದೆ ಬರುವುದನ್ನು ಕಂಡು ಬೆರಗಾಗಿ, ಆ ರಾಜ್ಯದ ಪ್ರತಿಷ್ಠಿತ ಸ್ಪರ್ಧೆಯ ತೀರ್ಪುಗಾರರನ್ನೇ ಪರೀಕ್ಷಿಸಲು ಅನುಮತಿ ಪಡೆದ. ಒಂದೇ ಬಾಟಲಿಯ ವೈನನ್ನು ಅವರಿಗೆ ತಿಳಿಯದಂತೆ ಮೂರು ಬಾರಿ ಬಡಿಸಲಾಯಿತು. ಮೂರು ಬಾರಿಯೂ ಒಂದೇ ದರ್ಜೆಯ ಪದಕ ಸಿಗುವಂತೆ ಅಂಕ ಕೊಟ್ಟವರು ಸುಮಾರು ಹತ್ತರಲ್ಲಿ ಒಬ್ಬರು. 2008ರಲ್ಲಿ ಅದು ಪ್ರಕಟವಾಯಿತು. ಅಕ್ಕಾರು ನಮ್ಮ ಮೇಲೆ ನಡೆಸಿದ್ದು ಅದರದೇ ಚಿಕ್ಕ ರೂಪ.

ಅದೇ 2008ರಲ್ಲಿ ಬೆಲೆಯ ಬಗ್ಗೆಯೂ ಒಂದು ಅಧ್ಯಯನ ಬಂತು. ಮಿದುಳಿನ ಚಟುವಟಿಕೆಯನ್ನು ಯಂತ್ರದಲ್ಲಿ ನೋಡುತ್ತ 20 ಜನರಿಗೆ ವೈನ್ ಕೊಟ್ಟು, ಪ್ರತಿಬಾರಿ ಅದರ ಬೆಲೆ ಹೇಳಲಾಯಿತು. ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಮತ್ತೊಮ್ಮೆ 90 ಡಾಲರಿನದೆಂದೂ ಹೇಳಿದಾಗ, ಎರಡನೆಯ ಸಲ ಹೆಚ್ಚು ಚೆನ್ನಾಗಿದೆಯೆಂದರು. ಅವರು ಸುಳ್ಳಾಡುತ್ತಿರಲಿಲ್ಲ, ಸುಖದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗವೂ ಹೆಚ್ಚು ಚುರುಕಾಗಿತ್ತು. ಇದರ ನಿಜವನ್ನು ನಾವೂ ಕಂಡೆವು. ಎಲ್ಲ ಮುಗಿದ ಮೇಲೆ ವಕೀಲರು ಬೋರ್ಡೋ ಬಾಟಲಿಯ ಚೀಟಿಯನ್ನು ದೀಪಕ್ಕೆ ಹಿಡಿದು ಓದಿ, ಉಳಿದದ್ದನ್ನು ನಮಗೆ ಹಂಚಿದರು. ಅರ್ಧ ಗಂಟೆಯ ಹಿಂದೆ 12 ಅಂಕ ಕೊಟ್ಟಿದ್ದ ನನಗೆ ಆಗ ಅದು ನಿಜವಾಗಿಯೂ ರುಚಿಸಿತು. ಅದು ನಟನೆಯಲ್ಲ. ಹೆಸರು ನನ್ನ ಬಾಯಿಯೊಳಗೇ ಬಂದು ಸೇರಿತ್ತು.

ಹೆಸರಿನ ಬೆಲೆ ತೆರುವವರು

ಇಲ್ಲಿಯವರೆಗೆ ಇದು ಆರು ಮಂದಿಯ ವಿನೋದ. ಆದರೆ ಹೆಸರಿಗೆ ಬೆಲೆ ಕಟ್ಟುವಾಗ ಅದರ ಭಾರ ಯಾರ ಮೇಲೋ ಬೀಳುತ್ತದೆ. ಕರ್ನಾಟಕದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ವಿಜಯಪುರ. ಅಲ್ಲಿಯ ಬಹುಪಾಲು ಬೆಳೆ ತಿನ್ನುವ ಹಣ್ಣಾಗಿ, ಒಣದ್ರಾಕ್ಷಿಯಾಗಿ ಹೋಗುತ್ತದೆ. ವೈನಿಗೆಂದೇ ಬೆಳೆಯುವ ತಳಿಗಳ ಪಾಲು ಚಿಕ್ಕದು. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ನಿದ್ರಿಸುತ್ತದೆ. ಇಲ್ಲಿ ಅದಕ್ಕೆ ನಿದ್ರೆಯಿಲ್ಲ. ಹಾಗಾಗಿ ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಎರಡು ಸಲ ಚಾಟ್ನಿ ಮಾಡಬೇಕು. ಅಕ್ಟೋಬರ್ ಚಾಟ್ನಿಯ ನಂತರ ಅಕಾಲಿಕ ಮಳೆ ಬಂದರೆ ಹೂವು, ಎಳೆಗಾಯಿ ರೋಗಕ್ಕೆ ತುತ್ತಾಗುತ್ತವೆ. ಇಷ್ಟು ದುಡಿದು ಮಾಡಿದ ವೈನನ್ನು, ಚೀಟಿಯ ಮೇಲಿನ ಊರಿನ ಹೆಸರು ನೋಡಿಯೇ ಬದಿಗಿಡುವವರು ನಮ್ಮಲ್ಲೇ ಹೆಚ್ಚು.

ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ 1988ರಲ್ಲಿ ಆರಂಭವಾದ ಗ್ರೋವರ್ ಸಂಸ್ಥೆ ಬೋರ್ಡೋದ ಮಿಶೆಲ್ ರೋಲಾಂ ಅವರಂಥ ಪರಿಣತರ ಸಲಹೆ ಪಡೆಯಿತು. ಹಂಪಿಯ ಬೆಟ್ಟಸಾಲಿನ ಬಳಿಯೂ ಕ್ಯಾಬರ್ನೇ ಸೋವಿನ್ಯೋಂ ಬಳ್ಳಿ ಬೇರೂರಿದೆ. ರಾಜ್ಯ ಸರ್ಕಾರ 2007ರಲ್ಲಿ ಪ್ರತ್ಯೇಕ ವೈನ್ ನೀತಿ ತಂದು, ವೈನ್ ಮಂಡಳಿಯನ್ನೂ ಸ್ಥಾಪಿಸಿತು. ಹಾಗೆಂದು ನಮ್ಮ ವೈನು ಫ್ರಾನ್ಸಿನದನ್ನು ಸೋಲಿಸಿತೆಂದು ಬೀಗುವುದೂ ತಪ್ಪಾದೀತು. ಆ ಸಂಜೆಯ ಅಂಕಪಟ್ಟಿಯ ಅರ್ಧ ಭಾಗವನ್ನು ಮಾತ್ರ ಓದಿದರೆ ಗೌಡರು ಗೆದ್ದಿದ್ದರು; ಇನ್ನರ್ಧ ಓದಿದರೆ ಸೋತಿದ್ದರು. ಪೂರ್ತಿ ಓದಿದಾಗ ತಿಳಿಯುವುದಿಷ್ಟು: ಇವೆರಡರ ನಡುವೆ ನಮ್ಮಂಥವರ ನಾಲಿಗೆ ಹೇಳಬಹುದಾದ ಅಂತರ ನಾವು ಕೊಡುವ ಬೆಲೆಯ ಅಂತರಕ್ಕಿಂತ ಬಹಳ ಚಿಕ್ಕದು. ಬೆಳೆಗಾರನಿಗೆ ಬೇಕಾದದ್ದು ಅಭಿಮಾನದ ಚಪ್ಪಾಳೆಯಲ್ಲ. ಹೆಸರು ಮುಚ್ಚಿದ ಒಂದು ಪ್ರಾಮಾಣಿಕ ಗುಟುಕು.

ಎರಡು ಅಂಕ

ಊಟ ಮುಗಿದು, ಗಿರ್ಮಿಟ್ಟು ಖಾಲಿಯಾಗಿ, ಉಣಕಲ್ ಕಡೆಗೆ ಮನೆಯ ದಾರಿ ಹಿಡಿದಾಗ ನನ್ನ ತಲೆಯಲ್ಲಿದ್ದದ್ದು ವೈನಾಗಿರಲಿಲ್ಲ. 15 ಮತ್ತು 10 ಎಂಬ ಎರಡು ಅಂಕಿಗಳು. ಅವುಗಳನ್ನು ನಾನು ಬೇರೆಲ್ಲೋ ಕಂಡಿದ್ದೆ.

ವರ್ಷ ವರ್ಷವೂ ಬೇಸಿಗೆಯಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗುತ್ತಿದ್ದವನು ನಾನು. ಪತ್ರಿಕೆಯ ಮೇಲಿನ ನೋಂದಣಿ ಸಂಖ್ಯೆಯನ್ನು ಮರೆಮಾಡಿ ಸಂಕೇತ ಸಂಖ್ಯೆ ಹಾಕುವ ಪದ್ಧತಿ ನಮಗೆ ಹೊಸದಲ್ಲ. ಹೆಸರು ಕಾಣದಿದ್ದರೆ ಪಕ್ಷಪಾತವಿಲ್ಲ, ಪಕ್ಷಪಾತವಿಲ್ಲದಿದ್ದರೆ ತಪ್ಪಿಲ್ಲ ಎಂದು ನಾವು ನಂಬಿದ್ದೆವು. ಒಂದು ವರ್ಷ ನಮ್ಮ ಕಾಲೇಜಿನ ಹುಡುಗನೊಬ್ಬ ಇತಿಹಾಸದಲ್ಲಿ ಎರಡು ಅಂಕಗಳಿಂದ ಅನುತ್ತೀರ್ಣನಾಗಿ ನನ್ನ ಬಳಿ ಬಂದ. ‘ಸರ, ನಾ ಛಲೋ ಬರದಿದ್ನಿ’ ಎಂದ. ‘ತಮ್ಮಾ, ಅಲ್ಲಿ ಕೂತವರು ಅನುಭವಿಗಳು. ಅವರ ಕೈ ತಪ್ಪೂದಿಲ್ಲ. ನೀನs ಸರಿಯಾಗಿ ಓದಬೇಕಿತ್ತು’ ಎಂದು ಹೇಳಿ ಕಳಿಸಿದೆ. ಅವನು ಹಟ ಹಿಡಿದು ಮರುಮೌಲ್ಯಮಾಪನಕ್ಕೆ ಹಣ ಕಟ್ಟಿದ. ಉತ್ತೀರ್ಣನಾದ. ಆದರೆ ಫಲಿತಾಂಶ ಬರುವಷ್ಟರಲ್ಲಿ ಮುಂದಿನ ಪ್ರವೇಶಗಳೆಲ್ಲ ಮುಗಿದಿದ್ದವು. ಒಂದು ವರ್ಷ ಹೋಯಿತು. ಅವನ ಪತ್ರಿಕೆ ನೋಡಿದವರು ಯಾರೋ ನನಗೆ ತಿಳಿಯದು. ಸಂಕೇತ ಸಂಖ್ಯೆಯ ಗುಟ್ಟೇ ಅದು. ನಾನೇ ಆಗಿರಲೂಬಹುದು.

ಆ ದಿನ ಅವನಿಗೆ ಹೇಳಿದ ಮಾತನ್ನು ನಾನು ಸತ್ಯವೆಂದೇ ಹೇಳಿದ್ದೆ. ಈಗ ಯೋಚಿಸುತ್ತೇನೆ: ಅವನ ಪತ್ರಿಕೆ ಯಾರ ಪತ್ರಿಕೆಯ ಬೆನ್ನಿಗೆ ಬಂದಿತ್ತು? ಅತ್ಯುತ್ತಮವಾಗಿ ಬರೆದ ಹುಡುಗಿಯೊಬ್ಬಳ ನಂತರವೋ? ಮಧ್ಯಾಹ್ನದ ಊಟದ ಮುಂಚೆಯೋ, ದಿನದ ಕೊನೆಯ ಕಟ್ಟಿನಲ್ಲೋ? ಹೆಸರನ್ನೇನೋ ನಾವು ಮುಚ್ಚಿದ್ದೆವು. ಸರದಿಯನ್ನು, ದಣಿವನ್ನು, ಹಿಂದಿನ ಪತ್ರಿಕೆಯ ನೆರಳನ್ನು ಮುಚ್ಚಿರಲಿಲ್ಲ. ನಾನು ಒಂದೇ ಪತ್ರಿಕೆಗೆ ಎರಡು ಸಲ ಅಂಕ ಕೊಟ್ಟಿದ್ದರೆ ಎಷ್ಟು ವ್ಯತ್ಯಾಸ ಬರುತ್ತಿತ್ತೆಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಪರೀಕ್ಷಿಸಿ ನೋಡಲಿಲ್ಲ. ವೈನ್ ಸ್ಪರ್ಧೆಯವರಿಗೆ ಹೊಳೆದದ್ದು ನಮಗೆ ಹೊಳೆಯಲಿಲ್ಲ.

ಅಮೆರಿಕದ ದೊಡ್ಡ ವಾದ್ಯವೃಂದಗಳು 1970ರ ದಶಕದಿಂದೀಚೆಗೆ ಕಲಾವಿದರನ್ನು ಪರದೆಯ ಹಿಂದೆ ನಿಲ್ಲಿಸಿ ಆಯ್ಕೆ ಮಾಡತೊಡಗಿದವು. ಹೆಜ್ಜೆಯ ಸದ್ದಿನಿಂದ ಹೆಣ್ಣೋ ಗಂಡೋ ತಿಳಿಯಬಾರದೆಂದು ನೆಲಕ್ಕೆ ಜಮಖಾನೆ ಹಾಸಿದವರೂ ಉಂಟು. ನಂತರದ ದಶಕಗಳಲ್ಲಿ ಅಲ್ಲಿ ಮಹಿಳೆಯರ ಸಂಖ್ಯೆ ಏರಿತು. ಅದರಲ್ಲಿ ಪರದೆಯ ಪಾಲೆಷ್ಟೆಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಪರದೆ ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ವಿದ್ಯಾನಗರದ ಆ ಸಂಜೆ ಕಲಿಸಿದ್ದು ಇನ್ನೂ ಒಂದು ಹೆಜ್ಜೆ ಮುಂದಿನದು. ಪರದೆ ಎಳೆದೊಡನೆ ನ್ಯಾಯ ತಾನಾಗಿ ಹುಟ್ಟುವುದಿಲ್ಲ. ಅದು ಹೆಸರಿನ ಮೋಸವನ್ನು ದೂರವಿಟ್ಟು, ನಮ್ಮ ತೂಕದ ಕಲ್ಲೇ ಎಷ್ಟು ಅಲುಗಾಡುತ್ತದೆಂದು ತೋರಿಸುತ್ತದೆ. ಕಲ್ಲು ಅಲುಗಾಡುವುದಾದರೆ ಎರಡು ಸಲ ತೂಗಬೇಕು, ಇಬ್ಬರು ತೂಗಬೇಕು, ಒಂದೆರಡು ಅಂಕದಲ್ಲಿ ಯಾರದೋ ಒಂದು ವರ್ಷ ನಿರ್ಧಾರವಾಗುವ ಕಡೆ ಮತ್ತೊಮ್ಮೆ ನೋಡುವ ದಾರಿ ತೆರೆದಿರಬೇಕು, ಅದು ಹಣ ಕಟ್ಟಬಲ್ಲವರಿಗೆ ಮಾತ್ರ ತೆರೆಯುವ ದಾರಿಯಾಗಬಾರದು. ಕೆಲಸಕ್ಕೆ ಸಂದರ್ಶನ ಮಾಡುವವರು, ಬಹುಮಾನಕ್ಕೆ ಪುಸ್ತಕ ಆರಿಸುವವರು, ಮನೆಗೆ ಬಾಡಿಗೆದಾರರನ್ನು ಹುಡುಕುವವರು, ಎಲ್ಲರ ಕೈಯಲ್ಲೂ ಇಂಥದೇ ತಕ್ಕಡಿಯಿದೆ.

ಮರುದಿನ ಅಕ್ಕಾರಿಂದ ಆ ಅಂಕಪಟ್ಟಿಯನ್ನು ಕೇಳಿ ತಂದುಕೊಂಡೆ. ಎರಡು ಕಡೆ ವೈನಿನ ಕಲೆಯಿದೆ. ನನ್ನ 15 ಮತ್ತು 10 ಸ್ಪಷ್ಟವಾಗಿ ಕಾಣುತ್ತವೆ. ಆ ಹುಡುಗ ಈಗ ಹೈಸ್ಕೂಲಿನಲ್ಲಿ ಮೇಷ್ಟ್ರು. ಹಾವೇರಿ ಕಡೆ ಇದ್ದಾನೆ. ಹೋದ ವಾರ ಫೋನು ಮಾಡಿದೆ. ಅವನಿಗೆ ಹಳೆಯದು ನೆನಪಿತ್ತು, ಕಹಿ ಇರಲಿಲ್ಲ. ‘ಈಗ ನಾನೂ ಪೇಪರ್ ನೋಡ್ತೀನ್ರಿ ಸರ’ ಎಂದ. ವೈನಿನ ಕಥೆಯನ್ನು ಅವನಿಗೆ ಹೇಳಲು ಸಂಕೋಚವೆನಿಸಿತು. ಆದರೂ ಪೂರ್ತಿ ಹೇಳಿದೆ. ಕೇಳಿ ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಈ ಸಲ ಒಂದಷ್ಟು ಪೇಪರ್ ಎರಡು ಸಲ ನೋಡ್ತೀನ್ರಿ, ಮೊದಲಿನ ಮಾರ್ಕ್ಸ್ ಮುಚ್ಚಿಟ್ಟು’ ಎಂದ.